ಸಕ್ಕರೆಯ ಸರಪಳಿಗೊಂದು ನುಕ್ತೆ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ನಾನು ವಿಜ್ಞಾನದ ಬಗ್ಗೆ ಮಾತನಾಡಲು ನಿಂತದ್ದಕ್ಕೆ ಕಾರಣವಿದೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದ ನಮ್ಮ ಮಕ್ಕಳೂ "ಸರ್, ಸೈನ್ಸ್ ಎಲ್ಲ ಇಂಗ್ಲಿಷಿನಲ್ಲಿರುತ್ತದೆ, ನಮ್ಮಿಂದ ಆಗದು" ಎಂದು ಹಿಂದೆ ಸರಿಯುತ್ತಾರೆ. ಕಷ್ಟವೆಂದು ಹೆಸರಾದ ಒಂದು ವಿಷಯವನ್ನು ನಮ್ಮ ಮಾತಿನಲ್ಲೇ ಹೇಳಿ ನೋಡುತ್ತೇನೆ.

ನಾವು ಉಣ್ಣುವ ಅನ್ನದಲ್ಲಿ ಪಿಷ್ಟವಿದೆ. ಉಡುವ ಹತ್ತಿಬಟ್ಟೆಯಲ್ಲಿ ಸೆಲ್ಯುಲೋಸ್ ಇದೆ. ಎರಡೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಸರಪಳಿಗಳು. ಇಂಥ ಸರಪಳಿಗೆ ಪಾಲಿಸ್ಯಾಕರೈಡ್ ಎನ್ನುತ್ತಾರೆ. ಕೊಂಡಿ ಬೆಸೆದ ರೀತಿ ಬೇರೆಯಾದ್ದರಿಂದ ಒಂದು ನಮಗೆ ಜೀರ್ಣವಾಗುತ್ತದೆ, ಇನ್ನೊಂದು ಆಗುವುದಿಲ್ಲ. ಇವುಗಳ ಒಳರಚನೆಯನ್ನು ತಿಳಿಯುವುದು ಹೇಗೆ?

ಅದಕ್ಕೊಂದು ದಾರಿ ಎನ್.ಎಂ.ಆರ್. ಈ ವಿದ್ಯೆಗಾಗಿ ಬ್ಲಾಖ್ ಮತ್ತು ಪರ್ಸೆಲ್ ಅವರಿಗೆ 1952ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪ್ರಬಲ ಅಯಸ್ಕಾಂತದ ನಡುವೆ ವಸ್ತುವನ್ನಿಟ್ಟು ರೇಡಿಯೋ ಅಲೆ ಹಾಯಿಸಿದರೆ ಕೆಲವು ಪರಮಾಣುಗಳು ಉತ್ತರ ಕೊಡುತ್ತವೆ. ಆದರೆ ಸಾಮಾನ್ಯ ಇಂಗಾಲ-12 ಮೌನಿ. ಉತ್ತರಿಸುವ ಇಂಗಾಲ-13 ಪ್ರಕೃತಿಯಲ್ಲಿರುವುದು ಶೇಕಡಾ 1.1 ಮಾತ್ರ. ಅಕ್ಕಪಕ್ಕದ ಎರಡು ಇಂಗಾಲಗಳೂ ಈ ಬಗೆಯವಾಗಿರುವ ಸಂಭವ ಸುಮಾರು 8,000ಕ್ಕೆ ಒಂದು. ಯಾವುದು ಯಾವುದರ ನೆರೆಯಲ್ಲಿದೆ ಎಂದು ಕೇಳಲು ಇಂಥ ಜೋಡಿಗಳೇ ಬೇಕು.

ಉರ್ದುವಿನಲ್ಲಿ 'ಬೇ', 'ಪೇ', 'ತೇ' ಅಕ್ಷರಗಳ ಆಕಾರ ಒಂದೇ, ನುಕ್ತೆ ಬದಲಾದರೆ ಅಕ್ಷರವೇ ಬದಲಾಗುತ್ತದೆ. ಇಂಗಾಲ-13 ಬೇರೆ ತರಹದ ನುಕ್ತೆ. ಅದನ್ನಿಟ್ಟರೂ ಸಕ್ಕರೆ ಸಕ್ಕರೆಯಾಗಿಯೇ ಉಳಿಯುತ್ತದೆ, ಓದಲು ಮಾತ್ರ ಸುಲಭವಾಗುತ್ತದೆ. ಅದು ವಿಕಿರಣ ಸೂಸುವುದಿಲ್ಲ, ಹೆದರಬೇಕಾಗಿಲ್ಲ.

ತಯಾರಾದ ಸರಪಳಿಗೆ ಈ ನುಕ್ತೆಗಳನ್ನು ಒಂದೊಂದಾಗಿ ಇಡಲಾಗದು. ಆದ್ದರಿಂದ ಕೆಲಸವನ್ನು ಬ್ಯಾಕ್ಟೀರಿಯಾಕ್ಕೆ ಒಪ್ಪಿಸುತ್ತಾರೆ. ಅಸಿಟೋಬ್ಯಾಕ್ಟರ್ ಎಂದು ಹೆಸರಾದ ಬ್ಯಾಕ್ಟೀರಿಯಾ ಗ್ಲೂಕೋಸ್ ತಿಂದು ಸೆಲ್ಯುಲೋಸ್ ನೇಯುತ್ತದೆ. ಅಲುಗಾಡಿಸದೆ ಬಿಟ್ಟರೆ ಹಾಲಿನ ಕೆನೆಯಂತೆ ದ್ರವದ ಮೇಲೆ ಪದರ ಕಟ್ಟುತ್ತದೆ. ಇಂಗಾಲ-13 ತುಂಬಿದ ಗ್ಲೂಕೋಸನ್ನು ಉಣಿಸಿದರೆ ಪದರದಲ್ಲೂ ಅದೇ ಸೇರುತ್ತದೆ. ಬಳಿಕ ತೆಳು ಕ್ಷಾರದಲ್ಲಿ ತೊಳೆದು ಜೀವಕೋಶಗಳನ್ನು ತೆಗೆಯುತ್ತಾರೆ.

ಎರಡು ಎಚ್ಚರ ಬೇಕು. ಆ ಗ್ಲೂಕೋಸ್ ಬಲು ದುಬಾರಿ. ಅಲ್ಲದೆ ಯೀಸ್ಟ್ ಸಾರದಂಥ ಬೇರೆ ಆಹಾರ ಬೆರೆತರೆ ಸಾಮಾನ್ಯ ಇಂಗಾಲವೂ ಸೇರಿ ಗುರುತು ತೆಳುವಾಗುತ್ತದೆ. ಇನ್ನೊಂದು, ಗ್ಲೂಕೋಸಿನ ಒಂದೇ ಇಂಗಾಲಕ್ಕೆ ಗುರುತಿಟ್ಟರೆ ಬ್ಯಾಕ್ಟೀರಿಯಾ ಸಕ್ಕರೆಯನ್ನು ಒಡೆದು ಮತ್ತೆ ಕಟ್ಟುವಾಗ ಸ್ವಲ್ಪ ಗುರುತು ಬೇರೆ ಸ್ಥಾನಕ್ಕೆ ಹೋಗುತ್ತದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಫಲವೇನು? ಪ್ರಕೃತಿಯ ಸೆಲ್ಯುಲೋಸ್ ಎರಡು ಸ್ಫಟಿಕರೂಪಗಳ ಮಿಶ್ರಣವೆಂದು ಅಟಾಲಾ ಮತ್ತು ವಾಂಡರ್‌ಹಾರ್ಟ್ 1984ರಲ್ಲಿ ಎನ್.ಎಂ.ಆರ್. ಮೂಲಕವೇ ತೋರಿಸಿದರು. ಬ್ಯಾಕ್ಟೀರಿಯಾದ್ದರಲ್ಲಿ ಒಂದು ರೂಪ ಹೆಚ್ಚು, ಹತ್ತಿಯಲ್ಲಿ ಇನ್ನೊಂದು. ಆದರೆ ಗ್ಲೂಕೋಸಿನ ಆರು ಇಂಗಾಲಗಳಲ್ಲಿ ಮೂರರ ಗೆರೆಗಳು ಒಂದೆಡೆ ಗುಂಪುಗೂಡಿರುತ್ತವೆ. ಯಾವ ಗೆರೆ ಯಾವ ಇಂಗಾಲದ್ದೆಂದು ಬಿಡಿಸಲು ನೆರವಾದದ್ದು ಹೀಗೆ ಗುರುತಿಟ್ಟು ಬೆಳೆಸಿದ ಸೆಲ್ಯುಲೋಸ್.

ಮಕ್ಕಳೇ, ಇಷ್ಟು ಹೊತ್ತು ನೀವು ಕೇಳಿದ್ದು ದೊಡ್ಡ ಪ್ರಯೋಗಾಲಯಗಳ ವಿಷಯ. ನಿಮಗೆ ಅರ್ಥವಾಗಿದ್ದರೆ, ನಿಮ್ಮನ್ನು ತಡೆಯುತ್ತಿರುವುದು ವಿಜ್ಞಾನವಲ್ಲ, ಭಾಷೆಯ ಭಯ. ಇಂಗ್ಲಿಷನ್ನು ಕಲಿಯಬಹುದು, ನಾವು ಕಲಿಸುತ್ತೇವೆ. ಪಿಯುಸಿ ಅರ್ಜಿ ತುಂಬುವ ಮುನ್ನ ಒಮ್ಮೆ ನಮ್ಮ ಬಳಿ ಬಂದು ಮಾತನಾಡಿ.