ಹೊಸ ಯಂತ್ರವಿದ್ಯೆಯೂ ರಾಜ್ಯನೀತಿಯೂ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತರೂಪ)

 

ವಿಶ್ವವಿದ್ಯಾನಿಲಯಗಳಲ್ಲಿ ನಡೆಯತಕ್ಕ ಸಂಶೋಧನೆಯು, ಅದರಲ್ಲಿಯೂ ಹೊಸದಾಗಿ ತಲೆಯೆತ್ತುತ್ತಿರುವ ಯಂತ್ರವಿದ್ಯೆಗಳನ್ನು ಕುರಿತ ಸಂಶೋಧನೆಯು, ಸರ್ಕಾರದ ನೀತಿಗೆ ಯಾವ ಬಗೆಯಲ್ಲಿ ದಾರಿತೋರಬಲ್ಲುದೆಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸನ್ನಿಧಾನಂಗಳವರ ಅಪ್ಪಣೆಯಾಗಿದೆ. ಮಠದ ಮಹೋತ್ಸವದಲ್ಲಿ ಯಂತ್ರಗಳ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ನಾಡಿನ ಮಠಗಳು ಅನ್ನವನ್ನು ನೀಡಿದಂತೆಯೇ ಅಕ್ಷರವನ್ನೂ ನೀಡುತ್ತ ಬಂದಿವೆ. ಉಚಿತ ಪ್ರಸಾದನಿಲಯಗಳಿಂದ ಮೊದಲಾದ ಆ ಸೇವೆಯು ಇಂದು ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳವರೆಗೂ ಬೆಳೆದು ನಿಂತಿದೆ. ಅಂಥ ಸ್ಥಳಗಳಲ್ಲಿ ಹುಟ್ಟುವ ಅರಿವು ಯಾರಿಗೆ ಸಲ್ಲಬೇಕು, ಹೇಗೆ ಸಲ್ಲಬೇಕು ಎಂಬುದು ದಾಸೋಹಕ್ಕೆ ಸಂಬಂಧಪಟ್ಟ ಪ್ರಶ್ನೆಯೇ ಆಗಿರುವುದರಿಂದ, ಈ ಸಭೆಯಲ್ಲಿ ಅದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಮೊದಲು ನಮ್ಮ ನಾಡಿನ ಒಂದು ಹಳೆಯ ಸಂಗತಿಯನ್ನು ನೋಡೋಣ. ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧವು ಸರ್ಕಾರದ ಸ್ವತ್ತಾಗಿತ್ತು. ಅದರ ಕೊರಡುಗಳು ಹರಾಜಿನಲ್ಲಿ ಮಾರಾಟವಾಗಿ ಬಹುಮಟ್ಟಿಗೆ ಜರ್ಮನಿ ಮೊದಲಾದ ದೇಶಗಳಿಗೆ ಹೋಗುತ್ತಿದ್ದುವು. ಎಣ್ಣೆಯನ್ನು ತೆಗೆಯುವ ವಿದ್ಯೆಯೂ ಅದರ ಲಾಭವೂ ಅಲ್ಲಿಯವರದಾಗಿದ್ದಿತು. 1914ರಲ್ಲಿ ಮಹಾಯುದ್ಧವು ಮೊದಲಾಗಲು ಆ ವ್ಯಾಪಾರವು ನಿಂತು, ಗಂಧವು ಕೊಳ್ಳುವವರಿಲ್ಲದೆ ಉಳಿಯಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಸರ್ಕಾರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವನ್ನು ಪಡೆಯಿತು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಆ ಸಂಸ್ಥೆಯು 1909ರಲ್ಲಿ ಸ್ಥಾಪಿತವಾಗಿ ಇನ್ನೂ ಹತ್ತು ವರ್ಷವನ್ನೂ ಕಂಡಿರಲಿಲ್ಲ. ಅಲ್ಲಿಯ ಪ್ರೊಫೆಸರರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆಯನ್ನು ಬಟ್ಟಿಯಿಳಿಸುವ ಕ್ರಮವನ್ನು ಪ್ರಯೋಗದಿಂದ ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಗಂಧದೆಣ್ಣೆಯ ಕಾರ್ಖಾನೆಯು ಹುಟ್ಟಿತು. ಮರುವರ್ಷ ಮೈಸೂರಿನಲ್ಲಿಯೂ ಮತ್ತೊಂದು ಹುಟ್ಟಿತು. ಕೊರಡನ್ನು ಮಾರುವ ನೀತಿಯು ಹೋಗಿ ಎಣ್ಣೆಯನ್ನು ಮಾರುವ ನೀತಿಯು ಬಂದಿತು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಪ್ರಶ್ನೆಯನ್ನು ಕೇಳಿದುದು ಸರ್ಕಾರ. ಉತ್ತರವನ್ನು ಕೊಟ್ಟುದು ಪ್ರಯೋಗಶಾಲೆ. ಪ್ರಶ್ನೆಯು ಬೊಕ್ಕಸಕ್ಕೆ ಸಂಬಂಧಪಟ್ಟುದು, ಸ್ಪಷ್ಟವಾದುದು. ಗಾಜಿನ ಪಾತ್ರೆಗಳ ನಡುವೆ ಕುಳಿತೇ ಅದನ್ನು ಬಿಡಿಸಲು ಸಾಧ್ಯವಿದ್ದಿತು. ಆದರೆ ಲೋಕದಲ್ಲಿ ಎಲ್ಲ ಪ್ರಶ್ನೆಗಳೂ ಈ ಬಗೆಯವಲ್ಲ. ಕೇಳಬೇಕಾದ ಪ್ರಶ್ನೆಯೇ ಸರ್ಕಾರಕ್ಕೆ ತಿಳಿಯದಿರುವಾಗ ವಿದ್ವಾಂಸರ ಕರ್ತವ್ಯವೇನು? ಇದಕ್ಕೆ ಅದೇ ಸಂಸ್ಥೆಯ ಚರಿತ್ರೆಯಲ್ಲಿಯೇ ಎರಡನೆಯ ಉದಾಹರಣೆಯು ದೊರೆಯುವುದು.

ಅಮೂಲ್ಯ ಕುಮಾರ ಎನ್. ರೆಡ್ಡಿಯವರೆಂಬವರು 1930ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು. ವಿದ್ಯುದ್ರಸಾಯನಶಾಸ್ತ್ರದಲ್ಲಿ ದೇಶಾಂತರಗಳಲ್ಲಿಯೂ ಹೆಸರಾಂತ ಪಂಡಿತರು. ದೇಶದ ಅತ್ಯುನ್ನತ ವಿಜ್ಞಾನವು ದೇಶದ ಹಳ್ಳಿಗಳಿಗೆ ಏನನ್ನೂ ಮಾಡುತ್ತಿಲ್ಲವೆಂಬ ಕೊರಗು ಅವರನ್ನು ಹಿಡಿಯಿತು. 1974ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಕೂಡಿ, ವಿಜ್ಞಾನ ತಂತ್ರಜ್ಞಾನಗಳನ್ನು ಗ್ರಾಮಗಳಿಗೆ ಅನ್ವಯಿಸುವ ಸಲುವಾಗಿ, 'ಅಸ್ತ್ರ' ಎಂಬ ಕೇಂದ್ರವನ್ನು ವಿಜ್ಞಾನ ಸಂಸ್ಥೆಯಲ್ಲಿ ಪ್ರಾರಂಭಿಸಿದರು. 1975ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಅದೇ ಆವರಣದಲ್ಲಿ ಸ್ಥಾಪಿತವಾಗಿ, ಸರ್ಕಾರದ ಅಧಿಕಾರಿಗಳೂ ವಿಜ್ಞಾನಿಗಳೂ ಒಂದೆಡೆ ಕುಳಿತು ಆಲೋಚಿಸುವ ಮಾರ್ಗವು ತೆರೆಯಿತು. ತುಮಕೂರು ಜಿಲ್ಲೆಯ ಕುಣಿಗಲು ತಾಲ್ಲೂಕಿನ ಉಂಗ್ರ ಎಂಬ ಗ್ರಾಮದಲ್ಲಿ 'ಅಸ್ತ್ರ'ದ ವಿಸ್ತರಣ ಕೇಂದ್ರವು ನೆಲೆಗೊಂಡಿತು.

ಅಲ್ಲಿಗೆ ಹೋದವರು ಮೊದಲು ಯಾವ ಯಂತ್ರವನ್ನೂ ಹೊತ್ತುಕೊಂಡು ಹೋಗಲಿಲ್ಲ. ಸುತ್ತಿನ ಆರು ಗ್ರಾಮಗಳಲ್ಲಿ ಮನೆಮನೆಗೆ ತೆರಳಿ, ದಿನವೊಂದಕ್ಕೆ ಎಷ್ಟು ಸೌದೆ ಉರಿಯುವುದು, ಅದನ್ನು ಯಾರು ತರುವರು, ನೀರನ್ನು ಯಾರು ಹೊರುವರು, ಎತ್ತುಗಳು ಎಷ್ಟು ಹೊತ್ತು ದುಡಿಯುವುವು ಎಂಬುದನ್ನು ತೂಗಿ ಎಣಿಸಿ ಬರೆದುಕೊಂಡರು. ಆ ಗ್ರಾಮಗಳಲ್ಲಿ ವ್ಯಯವಾಗುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಸೌದೆಯಿಂದಲೇ ಬರುತ್ತಿದ್ದಿತು. ಅದರ ಬಹುಭಾಗವು ಅಡುಗೆಯ ಒಲೆಗೆ ಹೋಗುತ್ತಿದ್ದಿತು. ಆ ಸೌದೆಯನ್ನು ಕೊಂಡು ತರುತ್ತಿರಲಿಲ್ಲ. ಹೆಂಗಸರೂ ಮಕ್ಕಳೂ ಗಂಟೆಗಟ್ಟಲೆ ನಡೆದು ಆಯ್ದು ತರುತ್ತಿದ್ದರು. ಕಾಡು ನಾಶವಾಗುವುದು ಹಳ್ಳಿಯ ಒಲೆಯಿಂದ ಎಂಬ ಮಾತು ಆ ಕಾಲದಲ್ಲಿ ಪ್ರಬಲವಾಗಿದ್ದಿತು. ಲೆಕ್ಕವನ್ನು ನೋಡಲಾಗಿ, ಹಳ್ಳಿಯವರು ಆಯ್ದು ತರುತ್ತಿದ್ದುದು ಬಹುಮಟ್ಟಿಗೆ ಒಣಗಿದ ಕಡ್ಡಿಪುಳ್ಳೆಗಳೆಂದೂ, ಮರದ ದಿಮ್ಮಿಗಳು ಲಾರಿಗಳ ಮೇಲೆ ಬೆಂಗಳೂರಿನಂಥ ನಗರಗಳಿಗೆ ಹೋಗುತ್ತಿದ್ದುವೆಂದೂ ತಿಳಿದುಬಂದಿತು. ಇದು ಸರ್ಕಾರದ ಯಾವ ಕಡತದಲ್ಲಿಯೂ ಇಲ್ಲದ ತಿಳಿವಳಿಕೆ.

ಈ ಆರು ಗ್ರಾಮಗಳಲ್ಲೊಂದಾದ ಪುರ ಎಂಬಲ್ಲಿ ನಡೆದುದು ಮತ್ತೂ ಬೋಧಪ್ರದವಾಗಿದೆ. ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಕೂಡಿಸಿ, ಗೋಬರ್ ಗ್ಯಾಸ್ ಉತ್ಪಾದಿಸಿ, ಮನೆಗಳ ಅಡುಗೆಗೆ ಒದಗಿಸಬೇಕೆಂದು ವಿಜ್ಞಾನಿಗಳು ಸಂಕಲ್ಪಿಸಿದರು. ಉಳಿದ ಬಗ್ಗಡವು ಗೊಬ್ಬರವಾಗಿ ರೈತರಿಗೇ ಹಿಂದಿರುಗುವುದು. ಹೊಗೆಯಿಲ್ಲ, ಸೌದೆ ಬೇಕಿಲ್ಲ. ಕಾಗದದ ಮೇಲೆ ಇದಕ್ಕಿಂತ ಅಂದವಾದ ಯೋಜನೆಯಿರಲಾರದು. ಆದರೆ ದೊರೆತ ಸಗಣಿಯಿಂದ ಎಲ್ಲ ಮನೆಗಳ ಅಡುಗೆಗೂ ಸಾಲುವಷ್ಟು ಅನಿಲವು ಬರಲಿಲ್ಲ. ಅಲ್ಲದೆ, ಹಣಕೊಡದೆ ಸೌದೆ ಸಿಕ್ಕುವ ಊರಿನಲ್ಲಿ ಅಡುಗೆಯ ಅನಿಲಕ್ಕಾಗಿ ಜನರಿಗೆ ಅಷ್ಟೊಂದು ಆತುರವೂ ಇರಲಿಲ್ಲ. ಅವರ ಮೊದಲ ಬೇಡಿಕೆಯು ಕುಡಿಯುವ ನೀರಾಗಿದ್ದಿತು. ಇದನ್ನು ಅರಿತ ವಿಜ್ಞಾನಿಗಳು ಪಂಡಿತರ ಹಟವನ್ನು ಹಿಡಿಯಲಿಲ್ಲ. ಅದೇ ಅನಿಲದಿಂದ ಇಂಜಿನನ್ನು ನಡೆಯಿಸಿ ವಿದ್ಯುಚ್ಛಕ್ತಿಯನ್ನು ಪಡೆದು, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ, ದೀಪವನ್ನು ಮನೆಗಳಿಗೂ ತಂದರು. 1987ರಿಂದ ಈ ವ್ಯವಸ್ಥೆಯು ಊರವರ ಮೇಲ್ವಿಚಾರಣೆಯಲ್ಲಿ ಹಲವು ವರ್ಷಗಳ ಕಾಲ ನಡೆಯಿತು. ಮೊದಲನೆಯ ಯೋಜನೆಯು ಏಕೆ ಕೂಡಿಬರಲಿಲ್ಲವೆಂಬುದನ್ನು ಅವರು ಮುಚ್ಚಿಡದೆ ಬರೆದು ಪ್ರಕಟಿಸಿದರು. ಗೆದ್ದುದನ್ನು ಸಾರಲು ವ್ಯಾಪಾರಿಗಳು ಬೇಕಾದಷ್ಟು ಮಂದಿ ಇರುತ್ತಾರೆ. ಸೋತುದನ್ನು ಕಾರಣಸಹಿತವಾಗಿ ರಾಜ್ಯಕ್ಕೆ ತಿಳಿಸತಕ್ಕವರು ವಿಶ್ವವಿದ್ಯಾನಿಲಯದವರೇ ಆಗಬೇಕು.

ಇನ್ನು ಒಲೆಯ ವಿಷಯ. ಹಳೆಯ ಒಲೆಯಲ್ಲಿ ಸೌದೆಯ ಕಾವಿನ ಹತ್ತರಲ್ಲಿ ಸುಮಾರು ಒಂದು ಪಾಲು ಮಾತ್ರ ಪಾತ್ರೆಗೆ ಸೇರುವುದು. ಉಳಿದುದು ಗಾಳಿಗೆ ಹೋಗುವುದು, ಹೊಗೆಯು ತಾಯಂದಿರ ಕಣ್ಣಿಗೂ ಎದೆಗೂ ಹೋಗುವುದು. 'ಅಸ್ತ್ರ'ದವರು ಉರಿಯನ್ನು ಮುಚ್ಚಿದ ಗೂಡಿನೊಳಗಿಟ್ಟು, ಕೆಳಗೆ ಜಾಲರಿಯನ್ನು ಅಳವಡಿಸಿ, ಬಿಸಿಗಾಳಿಯು ಮೂರು ಪಾತ್ರೆಗಳ ತಳವನ್ನು ಸವರಿಕೊಂಡು ಹೊಗೆಕೊಳವೆಯಿಂದ ಹೊರಹೋಗುವಂತೆ ಮಾಡಿದರು. ಪ್ರಯೋಗಶಾಲೆಯಲ್ಲಿ ಆ ಒಲೆಯು ಕಾವಿನ ಹತ್ತರಲ್ಲಿ ಸುಮಾರು ನಾಲ್ಕು ಪಾಲನ್ನು ಪಾತ್ರೆಗೆ ಮುಟ್ಟಿಸಿತು. 'ಅಸ್ತ್ರ ಒಲೆ' ಎಂಬ ಹೆಸರಿನಿಂದ ಅದು ನಮ್ಮ ನಾಡಿನ ಅನೇಕ ಮನೆಗಳನ್ನು ಹೊಕ್ಕಿತು.

1980ರ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಕೊಂಡು, ದೇಶದಲ್ಲೆಲ್ಲ ಮೂರು ಕೋಟಿಗೂ ಮೀರಿ ಒಲೆಗಳನ್ನು ಹಂಚಿತು. ಆದರೆ ಕಟ್ಟಿದ ಒಲೆಗಳ ಎಣಿಕೆಯೇ ಗುರಿಯಾಯಿತು. ಅಳತೆ ತಪ್ಪಿ ಕಟ್ಟಿದವೆಷ್ಟೋ, ಕೊಳವೆ ಕಟ್ಟಿಕೊಂಡು ಮೂಲೆಗೆ ಸೇರಿದವೆಷ್ಟೋ! 2002ರಲ್ಲಿ ಆ ಕಾರ್ಯಕ್ರಮವು ನಿಂತುಹೋಯಿತು. ಸರ್ಕಾರವು ವಿದ್ವಾಂಸರಿಂದ ಒಲೆಯನ್ನು ತೆಗೆದುಕೊಂಡಿತೇ ಹೊರತು ಅವರ ಕ್ರಮವನ್ನು, ಎಂದರೆ ಮನೆಮನೆಗೆ ಹೋಗಿ ನೋಡುವ, ಕೇಳುವ, ತಿದ್ದುವ ಕ್ರಮವನ್ನು, ತೆಗೆದುಕೊಳ್ಳಲಿಲ್ಲ. 2016ರಲ್ಲಿ ಮೊದಲಾದ ಉಜ್ವಲಾ ಯೋಜನೆಯಿಂದ ಕೋಟ್ಯಂತರ ಬಡಮನೆಗಳಿಗೆ ಅಡುಗೆ ಅನಿಲದ ಸಂಪರ್ಕವು ದೊರೆತುದು ಸಂತೋಷದ ವಿಷಯ. ಆದರೆ ಅಲ್ಲಿಯೂ ಸಂಪರ್ಕವನ್ನು ಕೊಡುವುದು ಬೇರೆ, ಬರಿದಾದ ಸಿಲಿಂಡರನ್ನು ಮತ್ತೆ ತುಂಬಿಸಿಕೊಳ್ಳುವ ಶಕ್ತಿ ಆ ತಾಯಿಗೆ ಇರುವುದು ಬೇರೆ. ಮೊದಲನೆಯದನ್ನು ಕಡತವು ಹೇಳುವುದು. ಎರಡನೆಯದನ್ನು ಅಡುಗೆಯ ಮನೆಗೆ ಹೋದವರೇ ಹೇಳಬೇಕು.

ಮೂರನೆಯ ಸಂಗತಿಯು ವಿದ್ಯುಚ್ಛಕ್ತಿಗೆ ಸಂಬಂಧಪಟ್ಟುದು. ರಾಜ್ಯಕ್ಕೆ ಮುಂದೆ ಎಷ್ಟು ವಿದ್ಯುತ್ತು ಬೇಕಾಗುವುದೆಂಬುದನ್ನು ಕುರಿತು ಕರ್ನಾಟಕ ಸರ್ಕಾರದ ಸಮಿತಿಯೊಂದು 1987ರಲ್ಲಿ ದೀರ್ಘಕಾಲದ ಯೋಜನೆಯೊಂದನ್ನು ಸಲ್ಲಿಸಿತು. ಹಿಂದಿನ ಬೆಳವಣಿಗೆಯನ್ನು ಮುಂದಕ್ಕೆ ಎಳೆದು ಮಾಡಿದ ಲೆಕ್ಕ ಅದು. ಅದಕ್ಕೆ ಬೇಕಾದ ಹಣವೂ ಅಪಾರ. ರೆಡ್ಡಿಯವರೂ ಅವರ ಸಂಗಡಿಗರೂ ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು. ಜನರಿಗೆ ಬೇಕಾದುದು ವಿದ್ಯುತ್ತೇ, ಅಥವಾ ಬೆಳಕು, ಬಿಸಿನೀರು, ಹೊಲಕ್ಕೆ ನೀರು ಇವುಗಳೇ? ಮಿತವಾಗಿ ವಿದ್ಯುತ್ತನ್ನು ಉಪಯೋಗಿಸುವ ದೀಪವನ್ನಿಟ್ಟರೆ, ನೀರನ್ನು ಸೂರ್ಯನ ಬಿಸಿಲಿನಿಂದಲೋ ಅನಿಲದಿಂದಲೋ ಕಾಯಿಸಿದರೆ, ಪಂಪುಸೆಟ್ಟುಗಳ ದೋಷಗಳನ್ನು ತಿದ್ದಿದರೆ, ಎಷ್ಟು ವಿದ್ಯುತ್ತು ಸಾಕಾದೀತು? ಎಲ್ಲ ಮನೆಗಳಿಗೂ ದೀಪವನ್ನು ಕೊಟ್ಟೂ, ಸಮಿತಿಯು ಹೇಳಿದ್ದರ ಅರ್ಧಕ್ಕಿಂತಲೂ ಕಡಿಮೆ ವಿದ್ಯುತ್ತು ಸಾಕೆಂಬ ಲೆಕ್ಕವನ್ನು ಅವರು 1991ರಲ್ಲಿ ಪ್ರಕಟಿಸಿದರು.

ಶರಣಬಂಧುಗಳಿಗೆ ಈ ವಿಚಾರವು ಹೊಸದಲ್ಲ. ಮಾರಯ್ಯನವರು ದಿನದ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹೇಳಿ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ಕೇಳಿ ಬೆಳೆದವರು ನಾವು. ಎಷ್ಟು ಸಿಕ್ಕೀತು ಎಂದು ಕೇಳದೆ ಎಷ್ಟು ಬೇಕು ಎಂದು ಕೇಳುವುದು ಆ ತಾಯಿಯ ನೀತಿ. ರಾಜ್ಯದ ಯೋಜನೆಗೂ ಅದೇ ಅಳತೆಗೋಲು ಸಲ್ಲುವುದೆಂದು ವಿದ್ವಾಂಸರು ಅಂಕಿಗಳ ಮೂಲಕ ತೋರಿಸಿಕೊಟ್ಟರು. ಸರ್ಕಾರವು ಆಗಲೇ ಆ ಲೆಕ್ಕವನ್ನು ತನ್ನ ಯೋಜನೆಯನ್ನಾಗಿ ಅಂಗೀಕರಿಸಲಿಲ್ಲ. ಆದರೆ 2007ರಲ್ಲಿ ನಮ್ಮ ರಾಜ್ಯವು ಹೊಸ ಕಟ್ಟಡಗಳಿಗೆ ಸೌರ ಜಲತಾಪಕಗಳನ್ನು ಕಡ್ಡಾಯಗೊಳಿಸಿತು; 2015ರಲ್ಲಿ ಕೇಂದ್ರ ಸರ್ಕಾರವು ಕಡಿಮೆ ಬೆಲೆಯ ಎಲ್‌ಇಡಿ ದೀಪಗಳನ್ನು ಹಂಚಲು ತೊಡಗಿತು. ಇವೆಲ್ಲವೂ ಒಂದು ಲೇಖನದ ಫಲವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ಸತ್ಯವಾದ ಲೆಕ್ಕವು ಬೀಜದಂತೆ ನೆಲದಲ್ಲಿ ಕಾದಿರಬಲ್ಲುದೆಂಬುದಕ್ಕೆ ಇವು ನಿದರ್ಶನಗಳೆನ್ನಬಹುದು.

ಮಹಾಶಯರೇ, ಈ ಮಾತುಗಳನ್ನು ಕೇವಲ ಗತಕಾಲದ ಸ್ಮರಣೆಗಾಗಿ ಹೇಳಲಿಲ್ಲ. ಈಗ ಕೃತಕ ಬುದ್ಧಿಮತ್ತೆಯೆಂಬ ಯಂತ್ರವಿದ್ಯೆಯು ಬಂದಿದೆ. 2024ರ ಮಾರ್ಚಿ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಅದರ ಅಭಿವೃದ್ಧಿಗಾಗಿ 10,300 ಕೋಟಿ ರೂಪಾಯಿಗಳಿಗೂ ಮೀರಿದ ಯೋಜನೆಯೊಂದಕ್ಕೆ ಒಪ್ಪಿಗೆಯನ್ನಿತ್ತಿತು. ರೈತನಿಗೆ ಬೆಳೆಯ ವಿಷಯವನ್ನು ಯಂತ್ರವು ಹೇಳಲಿ, ರೋಗಿಯ ಚಿತ್ರಪಟವನ್ನು ಯಂತ್ರವು ಪರೀಕ್ಷಿಸಲಿ, ಅದು ಒಳ್ಳೆಯದೇ. ಆದರೆ ಕುಣಿಗಲಿನ ರೈತನ ಮಾತಿಗೂ ಬೀದರಿನ ರೈತನ ಮಾತಿಗೂ ಇರುವ ಭೇದವನ್ನು ಆ ಯಂತ್ರವು ಬಲ್ಲುದೇ? ಅದು ತಪ್ಪು ಹೇಳಿದರೆ ನಷ್ಟವನ್ನು ಹೊರುವವರಾರು? ಪಿಂಚಣಿಗೂ ಪಡಿತರಕ್ಕೂ ಯಾರು ಅರ್ಹರೆಂಬುದನ್ನು ಯಂತ್ರದ ಮೂಲಕ ನಿರ್ಣಯಿಸುವುದಾದರೆ, ಕೈಬಿಟ್ಟುಹೋದ ಮುದುಕಿಯು ಯಾರ ಬಾಗಿಲಿಗೆ ಹೋಗಬೇಕು? ಯಂತ್ರವನ್ನು ಮಾರುವವರು ಈ ಪ್ರಶ್ನೆಗಳನ್ನು ಕೇಳಲಾರರು. ಅಧಿಕಾರಿಗಳಿಗೆ ಬಿಡುವಿಲ್ಲ. ಹಣವೂ ಆಜ್ಞೆಯೂ ಹೊರಡುವುದಕ್ಕೆ ಮೊದಲೇ ಹತ್ತು ಊರುಗಳಲ್ಲಿ ನಿಂತು, ನೋಡಿ, ಎಣಿಸಿ, ಕಂಡುದನ್ನು ನಿರ್ಭೀತಿಯಿಂದ ಬರೆಯುವುದು ವಿಶ್ವವಿದ್ಯಾನಿಲಯದ ಕಾಯಕ. ಬರೆದುದು ತನಗೆ ಅಪ್ರಿಯವಾಗಿದ್ದರೂ ಓದಿ, ಒಪ್ಪದಿದ್ದರೆ ಕಾರಣವನ್ನು ಹೇಳುವುದು ಸರ್ಕಾರದ ಧರ್ಮ.

ಅನುಭವಮಂಟಪದಲ್ಲಿ ಪ್ರಧಾನಿಯಾಗಿದ್ದ ಬಸವಣ್ಣನವರೂ, ದೋಣಿ ನಡೆಯಿಸುವ ಚೌಡಯ್ಯನವರೂ, ಹಗ್ಗ ಹೊಸೆಯುವ ಚಂದಯ್ಯನವರೂ ಒಟ್ಟಿಗೆ ಕುಳಿತರು. ಆಳುವವನೂ ಅರಿತವನೂ ದುಡಿಯುವವನೂ ಒಂದೇ ನೆಲದ ಮೇಲೆ ಕುಳಿತು ವಿಚಾರಮಾಡಿದ ಆ ಪರಂಪರೆಗೆ ವಾರಸುದಾರರಾದವರು ಈ ವಿಷಯದಲ್ಲಿ ಹಿಂದುಳಿಯಲಾಗದು. ಮಠಗಳು ನಡೆಯಿಸುತ್ತಿರುವ ಕಾಲೇಜುಗಳಲ್ಲಿ ಪ್ರತಿವರ್ಷವೂ ಸಾವಿರಾರು ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟನ್ನು ಬರೆಯುತ್ತಾರೆ. ಅವುಗಳಲ್ಲಿ ಬಹುಪಾಲು ಕಪಾಟನ್ನು ಸೇರುತ್ತವೆ. ಇಂಥ ಪ್ರಾಜೆಕ್ಟುಗಳಿಗೆ ರಾಜ್ಯದ ವಿಜ್ಞಾನ ಮಂಡಳಿಯು ದಶಕಗಳಿಂದ ಧನಸಹಾಯವನ್ನು ನೀಡುತ್ತ ಬಂದಿದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಕಷ್ಟವನ್ನು ಅಳೆದು ಬರೆಯಬೇಕೆಂಬ ನಿಯಮವನ್ನು ಮಾಡಿ, ಅದರ ಸಾರವನ್ನು ಕನ್ನಡದಲ್ಲಿ ಗ್ರಾಮ ಪಂಚಾಯತಿಗೂ ಜಿಲ್ಲೆಯ ಅಧಿಕಾರಿಗಳಿಗೂ ಕಳುಹಿಸುವ ಏರ್ಪಾಡನ್ನು ಶ್ರೀಮಠವು ಕೈಕೊಳ್ಳಬೇಕೆಂದು ಸನ್ನಿಧಾನಂಗಳವರಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ. ಇದಕ್ಕೆ ಹೆಚ್ಚಿನ ದ್ರವ್ಯವು ಬೇಕಾಗಿಲ್ಲ. ಭಕ್ತರು ತಂತಮ್ಮ ಊರುಗಳಲ್ಲಿ ಈ ಮಕ್ಕಳಿಗೆ ಮನೆಯ ಬಾಗಿಲನ್ನು ತೆರೆದು, ಕೇಳಿದುದಕ್ಕೆ ನಿಜವನ್ನು ಹೇಳಿದರೆ ಸಾಕು.