ಲಯ ತಪ್ಪಿದ ಹೃದಯ



ನಿಂತಿದ್ದವರು ನಿಂತಂತೆಯೇ ಕುಸಿದು ಪ್ರಾಣ ಬಿಟ್ಟರೆ 'ಹಾರ್ಟ್ ಫೇಲಾಯಿತಂತೆ' ಎಂದು ನಮ್ಮ ಜನ ಹೇಳುವುದುಂಟು. ಈ ಒಂದು ಮಾತಿನೊಳಗೆ ಬೇರೆಬೇರೆ ಸಂಗತಿಗಳು ಅಡಗಿವೆ. ಅವನ್ನು ಬಿಡಿಸಿ ನೋಡುವುದು ಬರಿಯ ಪಾಂಡಿತ್ಯದ ಕೆಲಸವೆಂದು ನಾನು ಭಾವಿಸುವುದಿಲ್ಲ. ಒಂದು ಜೀವದ ಅಳಿವು ಉಳಿವು ಅದರಲ್ಲಿದೆ.

ಹೃದಯದ ಸ್ನಾಯುವಿಗೆ ರಕ್ತವನ್ನೊಯ್ಯುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ. ಆಗ ರೋಗಿ ಸಾಮಾನ್ಯವಾಗಿ ಎಚ್ಚರದಿಂದಿರುತ್ತಾನೆ, ತನ್ನ ನೋವನ್ನು ಹೇಳಿಕೊಳ್ಳಬಲ್ಲ. ಹಠಾತ್ ಹೃದಯಸ್ತಂಭನ ಹಾಗಲ್ಲ. ಅದು ಬಹುಮಟ್ಟಿಗೆ ಲಯದ ಕೇಡು. ಹೃದಯದ ಮೇಲ್ಭಾಗದ ಪುಟ್ಟ ಕೇಂದ್ರವೊಂದರಿಂದ ಹೊರಡುವ ವಿದ್ಯುತ್ ಸಂಜ್ಞೆಗೆ ತಕ್ಕಂತೆ ಸ್ನಾಯುಗಳು ಒಂದಾಗಿ ಮುದುಡುತ್ತವೆ. ಆ ಕ್ರಮ ಕೆಟ್ಟರೆ ಕೆಳಗಿನ ಕೋಣೆಗಳು ಬಡಿಯುವುದನ್ನು ಬಿಟ್ಟು ಬರಿದೆ ನಡುಗತೊಡಗಬಹುದು. ಆಗ ಹೃದಯ ಅಲುಗುತ್ತಿದ್ದರೂ ರಕ್ತ ಮುಂದೆ ಹರಿಯದು. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಹೃದಯಾಘಾತವೇ ಈ ನಡುಕವನ್ನು ಹುಟ್ಟಿಸಬಹುದು. ಹುಟ್ಟಿನಿಂದ ಬಂದ ದೋಷದಿಂದ ಎಳೆಯರಲ್ಲಿಯೂ ಅದು ತಲೆದೋರಬಹುದು.

1947ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯರು 14 ವರ್ಷದ ಬಾಲಕನೊಬ್ಬನ ತೆರೆದ ಎದೆಯೊಳಗೆ ನೇರವಾಗಿ ಹೃದಯಕ್ಕೆ ವಿದ್ಯುತ್ ಹಾಯಿಸಿ ನಡುಕವನ್ನು ನಿಲ್ಲಿಸಿದರು; ಬಾಲಕ ಬದುಕಿದ. ಆದರೆ ಬೀದಿಯಲ್ಲಿ ಬಿದ್ದವನಿಗೆ ಇದು ಒದಗುವುದೆಂತು? ಅದಕ್ಕೊಂದು ಉತ್ತರ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಿಂದ ಬಂತು. ಅಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಯುತ್ತಿದ್ದಾಗ, ವಿದ್ಯುತ್ ಹರಿಸುವ ಮೊದಲೇ, ಭಾರವಾದ ಫಲಕಗಳನ್ನು ಎದೆಗೆ ಒತ್ತಿದ ಮಾತ್ರಕ್ಕೆ ರಕ್ತದೊತ್ತಡ ಏರಿದುದು ಕಣ್ಣಿಗೆ ಬಿತ್ತು. ವಿದ್ಯುತ್ ಎಂಜಿನಿಯರ್ ಕೌವೆನ್‌ಹೋವೆನ್, ಅವರೊಂದಿಗೆ ಜೂಡ್ ಮತ್ತು ನಿಕರ್‌ಬಾಕರ್, 1960ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಎದೆಯನ್ನು ಸೀಳಬೇಕಿಲ್ಲ, ಎರಡು ಕೈಗಳಿದ್ದರೆ ಆರಂಭಿಸಬಹುದು ಎಂಬುದೇ ಅದರ ಸಾರ.

ಆದುದರಿಂದ ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ, ಮುಖಕ್ಕೆ ನೀರು ಚಿಮುಕಿಸುತ್ತ ಕಾಲ ಕಳೆಯಬಾರದು. ಆಗೊಮ್ಮೆ ಈಗೊಮ್ಮೆ ತೇಕುವುದನ್ನು ಉಸಿರಾಟವೆಂದು ತಿಳಿಯಬಾರದು. 108ಕ್ಕೆ ಕರೆಮಾಡಿಸಿ, ಎದೆಯ ನಡುವೆ ಒಂದರ ಮೇಲೊಂದು ಅಂಗೈಯಿಟ್ಟು, ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಒತ್ತಬೇಕು. ಹೀಗೆ ಒತ್ತುವುದರಿಂದಲೇ ಲಯ ಮರಳುವುದು ವಿರಳ. ಆದರೆ ಮಿದುಳಿಗೆ ಅಷ್ಟಿಷ್ಟು ರಕ್ತ ಮುಟ್ಟುತ್ತದೆ, ವಿದ್ಯುತ್ ಉಪಕರಣ ಬರುವವರೆಗೆ ಜೀವ ಕಾದಿರುತ್ತದೆ.

ವೈದ್ಯರು ಬಂದೇ ಬರುತ್ತಾರೆ. ಆದರೆ ಮೊದಲ ನಿಮಿಷಗಳು ಅವರ ಕೈಯಲ್ಲಿಲ್ಲ, ಪಕ್ಕದಲ್ಲಿ ನಿಂತವರ ಕೈಯಲ್ಲಿವೆ. ಈ ವಿದ್ಯೆಯನ್ನು ಮನೆಗೊಬ್ಬರಾದರೂ ಕಲಿಯಲಿ ಎಂಬುದು ನನ್ನ ಬಿನ್ನಹ.