ಶ್ರುತಿ ಸೇರಿಸುವ ಗೆಳೆಯರು



ನಿಮ್ಮ ಕಾಲೇಜಿನಲ್ಲೋ, ವಿದ್ಯಾರ್ಥಿ ನಿಲಯದಲ್ಲೋ ಗಿಟಾರ್ ನುಡಿಸುವವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಸಂಜೆ ಹೊತ್ತು ಮೆಟ್ಟಿಲ ಮೇಲೆ ಕುಳಿತು, ಒಂದೇ ಹಾಡಿನ ಒಂದೇ ಸಾಲನ್ನು ಹತ್ತು ಸಲ ನುಡಿಸಿ ಪಕ್ಕದ ಕೋಣೆಯವರ ಓದನ್ನು ಕೆಡಿಸುವವರು. ಅವರು ಸಂಗೀತಗಾರರಲ್ಲ. ವೇದಿಕೆ ಏರುವ, ಅದರಿಂದ ಹಣ ಗಳಿಸುವ ಉದ್ದೇಶವೂ ಅನೇಕರಿಗೆ ಇರುವುದಿಲ್ಲ. ಇಂಥವರನ್ನು ನಾವು ಹವ್ಯಾಸಿಗಳು ಎನ್ನುತ್ತೇವೆ. ನಾನೂ ಅಂಥ ಒಬ್ಬ ಹವ್ಯಾಸಿ. ಭೌತಶಾಸ್ತ್ರ ಓದಿದವನು, ದೂರದರ್ಶನ ಕಾರ್ಯಕ್ರಮಗಳನ್ನು ನಿರ್ಮಿಸುವುದು ನನ್ನ ಉದ್ಯೋಗ, ಗಿಟಾರ್ ನನ್ನ ಬಿಡುವಿನ ಸಂಗಾತಿ. ಈ ವಾದ್ಯ ಹಿಡಿದವರ ದಿನನಿತ್ಯದ ಬದುಕು ಹೇಗಿರುತ್ತದೆ, ಅವರ ನಡುವೆ ಬೆಳೆಯುವ ಸ್ನೇಹ ಎಂಥದು ಎಂಬ ಬಗ್ಗೆ ನಾಲ್ಕು ಮಾತುಗಳನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ಅದರಲ್ಲಿ ಸ್ವಲ್ಪ ವಿಜ್ಞಾನವೂ ಇದೆ, ನನ್ನದೊಂದು ತಪ್ಪೂ ಇದೆ.

1999ರ ಮಾತು. ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಹಾಸ್ಟೆಲಿನ ಒಂದು ಕೋಣೆಯಲ್ಲಿ ನಾವು ನಾಲ್ವರು. ನಾಲ್ವರಿಗೂ ಸೇರಿ ಒಂದೇ ಗಿಟಾರ್. ಅದು ತಿಪಟೂರು ಕಡೆಯ ಗೆಳೆಯನದು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅವನ ತಂದೆ ಕೊಡಿಸಿದ್ದು. ಅವನದು ಎಂದು ನಾನು ಈಗ ಹೇಳುತ್ತಿದ್ದೇನೆ, ಆಗ ಅದು ಯಾರದು ಎಂಬ ಪ್ರಶ್ನೆಯೇ ಇರಲಿಲ್ಲ. ಸ್ನಾನದ ಮನೆಗೆ ಸರದಿ ಇದ್ದ ಹಾಗೆ ಗಿಟಾರಿಗೂ ಸರದಿ ಇತ್ತು. ಒಬ್ಬ ನುಡಿಸುವಾಗ ಇನ್ನೊಬ್ಬ ಅವನ ಬೆರಳನ್ನೇ ನೋಡುತ್ತ ಕೂರುತ್ತಿದ್ದ. ನಮಗೆ ಗುರು ಎಂದರೆ ಹೀಗೆ ಒಬ್ಬರಿಗೊಬ್ಬರು.

ಗಿಟಾರ್ ಕಲಿಕೆಯ ಮೊದಲ ತಿಂಗಳು ಸಂಗೀತಕ್ಕಿಂತ ನೋವೇ ಹೆಚ್ಚು. ಆರು ಉಕ್ಕಿನ ತಂತಿಗಳು ಸೇರಿ ವಾದ್ಯವನ್ನು ಸುಮಾರು 70 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಅಂಥ ಬಿಗಿಯಾದ ತಂತಿಯನ್ನು ಎಡಗೈ ಬೆರಳ ತುದಿಯಿಂದ ಒತ್ತಿ ಹಿಡಿಯಬೇಕು. ಮೊದಲು ಚರ್ಮ ಕೆಂಪಾಗುತ್ತದೆ, ಆಮೇಲೆ ಸುಲಿಯುತ್ತದೆ, ಕೊನೆಗೆ ಗಟ್ಟಿಯಾಗಿ ಜಡ್ಡುಗಟ್ಟುತ್ತದೆ. ನಾವು ಬೆಳಗಿನ ತಿಂಡಿಯ ಹೊತ್ತಿಗೆ ಬೆರಳ ತುದಿಗಳನ್ನು ಒಬ್ಬರಿಗೊಬ್ಬರು ತೋರಿಸಿ, ಯಾರದು ಎಷ್ಟು ಗಟ್ಟಿಯಾಗಿದೆ ಎಂದು ಹೋಲಿಸಿ ನೋಡುತ್ತಿದ್ದೆವು. ಬಿಸಿ ಇಡ್ಲಿ ಮುರಿಯುವಾಗ ಬೆರಳು ಸುಡದಿದ್ದರೆ ಅವನು ಪಾಸಾದ ಹಾಗೆ!

ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದಕ್ಕೆ ಗಿಟಾರಿನವರು ಕಾರ್ಡ್ ಎನ್ನುತ್ತಾರೆ, ಅಂದರೆ ಸ್ವರಗಳ ಗುಚ್ಛ. ನಾಲ್ಕೈದು ಕಾರ್ಡ್ ಬಂದರೆ ಸಿ. ಅಶ್ವತ್ಥ್ ಅವರ ಭಾವಗೀತೆಗಳಿಗೂ ರಾಜನ್–ನಾಗೇಂದ್ರ ಅವರ ಚಿತ್ರಗೀತೆಗಳಿಗೂ ಹೇಗೋ ಜೊತೆ ಕೊಡಬಹುದು. ಆಗ ಮೊಬೈಲು ನಮ್ಮ ಕೈಗೆ ಬಂದಿರಲಿಲ್ಲ. ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ, ಹಾಡು ಕೇಳಿ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಸಾಹಿತ್ಯದ ಮೇಲೆ ಕಾರ್ಡಿನ ಹೆಸರು ಬರೆದುಕೊಳ್ಳುತ್ತಿದ್ದೆವು. ಒಬ್ಬ ತಪ್ಪು ಬರೆದರೆ ಇನ್ನೊಬ್ಬ ಪೆನ್ಸಿಲಿನಲ್ಲಿ ತಿದ್ದುತ್ತಿದ್ದ. ಆ ಪುಸ್ತಕ ಕೋಣೆಯಿಂದ ಕೋಣೆಗೆ ಸಂಚರಿಸಿ, ಬೇರೆ ಕಾಲೇಜಿನ ಹುಡುಗರ ಕೈಗೂ ಹೋಗಿ ಬರುತ್ತಿತ್ತು. ಹೋದಾಗ ಇದ್ದದ್ದಕ್ಕಿಂತ ಬಂದಾಗ ಎರಡು ಹಾಡು ಹೆಚ್ಚಿರುತ್ತಿದ್ದವು. ತಂತಿ ಕಡಿದರೆ ಮುಂದಿನ ಮನಿಯಾರ್ಡರ್ ಬರುವವರೆಗೆ ಐದು ತಂತಿಯಲ್ಲೇ ನುಡಿಸುತ್ತಿದ್ದೆವು, ಇಲ್ಲವೇ ಪರಿಚಯವೇ ಇಲ್ಲದ ಯಾರೋ ಒಬ್ಬ ತನ್ನ ಚೀಲದಿಂದ ತಂತಿ ತೆಗೆದುಕೊಡುತ್ತಿದ್ದ. ಹಿಂದಕ್ಕೆ ಕೊಡು ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ನಮ್ಮ ತಿಪಟೂರಿನ ಗೆಳೆಯನಿಗೆ ಬೆರಳು ಅಷ್ಟು ಚುರುಕಲ್ಲ. ಎಫ್ ಎಂಬ ಒಂದು ಕಾರ್ಡ್ ಇದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ, ಉಳಿದ ಮೂರು ಬೆರಳುಗಳನ್ನು ಬೇರೆ ಬೇರೆ ಕಡೆ ಇಡಬೇಕು. ಅನೇಕರು ಗಿಟಾರ್ ಬಿಟ್ಟುಬಿಡುವುದೇ ಈ ಕಾರ್ಡಿನ ಬಳಿ. ಅವನು ಅಲ್ಲಿಗೆ ತಲುಪುವ ಹೊತ್ತಿಗೆ ಹಾಡು ಮುಂದಿನ ಸಾಲಿಗೆ ಹೋಗಿರುತ್ತಿತ್ತು. ಆದರೆ ಶ್ರುತಿ ಮಾಡುವುದರಲ್ಲಿ ಮಾತ್ರ ಅವನನ್ನು ಬಿಟ್ಟರಿಲ್ಲ. ಅವನ ತಂದೆ ಊರೂರುಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಹುಟ್ಟಿದಾಗಿನಿಂದ ಶ್ರುತಿ ಕಿವಿಯ ಮೇಲೆ ಬಿದ್ದಿತ್ತು.

ಶ್ರುತಿ ಮಾಡುವುದೆಂದರೇನು? ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಬೇಕು. ನಂತರದವು ಕ್ರಮವಾಗಿ 110, 147, 196, 247, 330. ದಪ್ಪ ತಂತಿಯನ್ನು ಐದನೆಯ ಮೆಟ್ಟಿನಲ್ಲಿ ಒತ್ತಿದರೆ ಅದೂ 110 ಸಲ ಕಂಪಿಸುತ್ತದೆ. ಅಂದರೆ ಪಕ್ಕದ ತಂತಿಯ ಸ್ವರವೇ ಅಲ್ಲಿ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಮೀಟಿ ನೋಡಿ. ಒಂದು 110, ಇನ್ನೊಂದು 108 ಇದ್ದರೆ ನಾದವು ಸೆಕೆಂಡಿಗೆ ಎರಡು ಸಲ ಉಬ್ಬಿ ತಗ್ಗುತ್ತದೆ, 'ವಾವ್, ವಾವ್' ಎಂದು ಅಲೆ ಅಲೆಯಾಗಿ ಕೇಳಿಸುತ್ತದೆ. ಭೌತಶಾಸ್ತ್ರದ ತರಗತಿಯಲ್ಲಿ ನೀವು ಬೀಟ್ಸ್ ಎಂದು ಓದುವುದು ಇದನ್ನೇ. ಬಿರಡೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಅಲೆ ನಿಧಾನವಾಗುತ್ತದೆ, ಎರಡೂ ಸೇರಿದಾಗ ನಿಂತೇ ಹೋಗುತ್ತದೆ. ಈ ಲೆಕ್ಕವನ್ನೆಲ್ಲ ನಾನು ಕಪ್ಪುಹಲಗೆಯ ಮೇಲೆ ಬರೆಯಬಲ್ಲವನಾಗಿದ್ದೆ. ಅವನು ಲೆಕ್ಕ ಹಾಕದೆ ಕಣ್ಣು ಮುಚ್ಚಿ ಸೇರಿಸಿಬಿಡುತ್ತಿದ್ದ.

ಆ ವರ್ಷ ಒಂದು ಅಂತರ ಕಾಲೇಜು ಸ್ಪರ್ಧೆ ಬಂತು. ತಂಡಕ್ಕೆ ಮೂವರು ಮಾತ್ರ. ನಾವು ನಾಲ್ವರು. ಯಾರನ್ನು ಬಿಡುವುದು? ಅವನ ಕೈ ನಿಧಾನ, ಅವನಿದ್ದರೆ ಗೆಲ್ಲುವುದು ಕಷ್ಟ ಎಂದು ಮೊದಲು ಬಾಯಿಬಿಟ್ಟವನು ನಾನೇ. ಅವನು ಕೋಣೆಯಲ್ಲಿ ಇಲ್ಲದಾಗ ತೀರ್ಮಾನವಾಯಿತು, ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಅವನು ಒಂದು ಗಳಿಗೆ ಸುಮ್ಮನಿದ್ದು, "ಆಯ್ತು ಬಿಡೋ. ಗಿಟಾರ್ ತಗೊಂಡು ಹೋಗಿ. ಮೊನ್ನೆ ತಾನೇ ಹೊಸ ತಂತಿ ಹಾಕಿದ್ದೀನಿ" ಎಂದ. ಅವನದೇ ಗಿಟಾರ್ ತೆಗೆದುಕೊಂಡು, ಅವನನ್ನು ಬಿಟ್ಟು ನಾವು ವೇದಿಕೆ ಏರಿದೆವು. ಇನ್ನೊಬ್ಬನ ಕೈಯಲ್ಲಿ ಸೀನಿಯರ್ ಒಬ್ಬರಿಂದ ಎರವಲು ತಂದ ಗಿಟಾರ್ ಇತ್ತು, ಮೂರನೆಯವನು ಹಾಡುಗಾರ.

ಹಿಂದಿನ ಕೋಣೆಯಲ್ಲಿ ಚೆನ್ನಾಗಿ ಶ್ರುತಿ ಮಾಡಿಕೊಂಡೇ ಹೋಗಿದ್ದೆವು. ನಿರೂಪಕರು ಬೇರೆ ತಂಡಗಳ ಪರಿಚಯ ಮಾಡಿಕೊಡುವವರೆಗೂ ವೇದಿಕೆಯ ಮೇಲೆ ದೊಡ್ಡ ದೀಪಗಳ ಕೆಳಗೆ ಕಾಯುತ್ತ ನಿಂತೆವು. ಹಾಡು ಶುರುವಾಗುವ ಮೊದಲು ಒಮ್ಮೆ ಮೀಟಿದೆ. ಎಲ್ಲವೂ ಹಾಳು! ಎರಡು ಗಿಟಾರ್‌ಗಳು ಎರಡು ದಿಕ್ಕು. ಬಿರಡೆ ತಿರುಗಿಸಿದಷ್ಟೂ ಕೆಡುತ್ತಿತ್ತು. ಗಾಬರಿಯಲ್ಲಿ ಅಲೆಯೂ ಕೇಳಿಸದು, ಏನೂ ಕೇಳಿಸದು. ಸಭೆಯಲ್ಲಿ ಶಿಳ್ಳೆ ಆರಂಭವಾಯಿತು.

ಆಗ ಪಕ್ಕದ ಮೆಟ್ಟಿಲಿನಿಂದ ಅವನು ಮೇಲೆ ಬಂದ. "ಕೊಡೋ ಇಲ್ಲಿ. ಬಿಸಿಗೆ ಇಳಿದಿದೆ ಕಣೋ, ಅಷ್ಟೇ. ಯಾವುದಾದರೂ ಒಂದು ತಂತೀನ ನಂಬಿಕೋ, ಉಳಿದದ್ದನ್ನೆಲ್ಲ ಅದಕ್ಕೆ ಸೇರಿಸು" ಎಂದು, ಎರಡೂ ಗಿಟಾರ್‌ಗಳನ್ನು ಎರಡು ನಿಮಿಷದಲ್ಲಿ ಸರಿಮಾಡಿ, ಬಂದ ಹಾಗೆಯೇ ಇಳಿದು ಹೋದ. ನಾವು ನುಡಿಸಿದೆವು. ಬಹುಮಾನ ಬರಲಿಲ್ಲ. ಬಂದಿದ್ದರೂ ಅಂದು ನನಗೆ ಸಂತೋಷವಾಗುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಅವನು ಹೇಳಿದ್ದು ವಿಜ್ಞಾನಕ್ಕೆ ಸರಿಯಾಗಿಯೇ ಇತ್ತು. ಬಿಸಿಗೆ ಉಕ್ಕಿನ ತಂತಿ ಹಿಗ್ಗುತ್ತದೆ. ತಂತಿಯನ್ನು ಹಿಡಿದಿರುವ ಮರ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ಬಿಗಿ ಕಡಿಮೆಯಾಗಿ ಶ್ರುತಿ ಇಳಿಯುತ್ತದೆ. ಎರಡು ವಾದ್ಯಗಳು ಒಂದೇ ಪ್ರಮಾಣದಲ್ಲಿ ಇಳಿಯಬೇಕೆಂದೂ ಇಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಬೇಕಾದ ಹೊತ್ತಿನಲ್ಲಿ ಹೊಳೆಯಲಿಲ್ಲ.

ಗಿಟಾರಿನ ಮೆಟ್ಟುಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ನಮ್ಮ ವೀಣೆಯಲ್ಲಿ 24 ಮೆಟ್ಟುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ, ಕಿವಿಗೆ ಒಪ್ಪುವ ಹಾಗೆ ಅವನ್ನು ಮತ್ತೆ ಸರಿಪಡಿಸಬಹುದು. ಗಿಟಾರಿನ ಮೆಟ್ಟುಗಳನ್ನು ಮರದಲ್ಲಿ ಖಾಯಂ ಆಗಿ ಕೂರಿಸಿರುತ್ತಾರೆ. ತಂತಿಯ ಉದ್ದ 650 ಮಿಲಿಮೀಟರ್ ಇದ್ದರೆ ಮೊದಲ ಮೆಟ್ಟು ಸುಮಾರು 36.5 ಮಿಲಿಮೀಟರಿಗೆ ಬರುತ್ತದೆ, ಮುಂದಿನವು ಹತ್ತಿರ ಹತ್ತಿರವಾಗುತ್ತ ಹನ್ನೆರಡನೆಯದು ಸರಿಯಾಗಿ ನಡುವೆ, 325 ಮಿಲಿಮೀಟರಿಗೆ ಬರುತ್ತದೆ. ಅಲ್ಲಿ ಕಂಪನ ಎರಡು ಪಟ್ಟು, ಅಂದರೆ ಮೇಲಿನ ಷಡ್ಜ.

ಶುದ್ಧವಾದ ಪಂಚಮವು ಷಡ್ಜದ ಒಂದೂವರೆ ಪಟ್ಟು. ಪಂಚಮದಿಂದ ಪಂಚಮಕ್ಕೆ ಹನ್ನೆರಡು ಸಲ ಏರಿದರೆ ಏಳು ಸ್ಥಾಯಿ ಮೇಲಿನ ಷಡ್ಜಕ್ಕೆ ಬಂದು ಸೇರಬೇಕು. ಆದರೆ ಸೇರುವುದಿಲ್ಲ. ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದರೆ ಸುಮಾರು 129.75 ಬರುತ್ತದೆ. ಎರಡನ್ನು ಏಳು ಸಲ ಗುಣಿಸಿದರೆ 128. ಈ ಹೆಚ್ಚುವರಿಯನ್ನು ಏನು ಮಾಡುವುದು? ಹನ್ನೆರಡಕ್ಕೂ ಸಮನಾಗಿ ಹಂಚುವುದು. ಆಗ ಪಂಚಮ 1.5ರ ಬದಲು 1.498 ಆಗುತ್ತದೆ. ಅಂತರ ಗಾಂಧಾರ 1.25ರ ಬದಲು 1.26 ಆಗುತ್ತದೆ. ಪ್ರತಿಯೊಂದು ಸ್ವರವೂ ತನ್ನ ಶುದ್ಧ ಸ್ಥಾನವನ್ನು ಸ್ವಲ್ಪ ಬಿಟ್ಟುಕೊಡುತ್ತದೆ. ಹಾಗಾಗಿಯೇ ಹನ್ನೆರಡರಲ್ಲಿ ಯಾವ ಸ್ವರವನ್ನು ಷಡ್ಜ ಮಾಡಿಕೊಂಡರೂ ಎಲ್ಲವೂ ಒಂದಾಗಿ ಸಾಗುತ್ತವೆ. ಹಾರ್ಮೋನಿಯಂ ಕಥೆಯೂ ಇದೇ. ಗೆಳೆಯನ ಕಿವಿ ಗಿಟಾರಿಗೆ ಅಷ್ಟು ಬೇಗ ಒಗ್ಗಿದ್ದು ಇದರಿಂದಲೇ ಇರಬಹುದು.

ಒಂದು ಸ್ವರವನ್ನು ಪೂರ್ತಿ ಶುದ್ಧ ಮಾಡುತ್ತೇನೆಂದು ಹಟ ಹಿಡಿದರೆ ಇನ್ನೊಂದು ಕೆಡುತ್ತದೆ. ಗೆಲ್ಲಬೇಕೆಂದು ನಾನು ಮಾಡಿದ್ದು ಅದನ್ನೇ. ಆಮೇಲೆ ನಾವು ನಾಲ್ವರೂ ಸೇರಿಯೇ ನುಡಿಸಿದೆವು. ಅವನ ಕೈಗೆ ಹೊಂದುವ ಹಾಗೆ ಹಾಡಿನ ನಡೆಯನ್ನು ತುಸು ನಿಧಾನ ಮಾಡಿಕೊಂಡೆವು. ಎಷ್ಟೋ ಹಾಡುಗಳು ನಿಧಾನವಾದಾಗಲೇ ಚೆನ್ನಾಗಿ ಕೇಳಿಸಿದವು. ಮುಂದಿನ ತಿಂಗಳು ಮನಿಯಾರ್ಡರ್ ಬಂದಾಗ ಒಂದು ಸೆಟ್ ತಂತಿ ತಂದು ಅವನ ಹಾಸಿಗೆಯ ಮೇಲಿಟ್ಟೆ. ತಪ್ಪಾಯಿತು ಎಂಬ ಮಾತನ್ನು ಮಾತ್ರ ಇಂದಿಗೂ ಬಾಯಿಬಿಟ್ಟು ಹೇಳಿಲ್ಲ. ಈ ಭಾಷಣವನ್ನು ಅವನು ನೋಡಿಯಾನು.

ಹವ್ಯಾಸಿಗಳು ಒಟ್ಟು ಸೇರಿದರೆ ಏನಾಗಬಹುದು ಎಂಬುದಕ್ಕೆ ಪೋಲೆಂಡ್ ದೇಶದ ವ್ರೊತ್ಸ್ವಾಫ್ ನಗರ ಒಳ್ಳೆಯ ಉದಾಹರಣೆ. ಅಲ್ಲಿ ಲೆಶೆಕ್ ಚಿಹೋನ್‌ಸ್ಕಿ ಎಂಬ ಗಿಟಾರ್ ವಾದಕರು 2003ರಲ್ಲಿ ಒಂದು ಕೂಟ ಆರಂಭಿಸಿದರು. ಮೇ 1ರಂದು ಊರಿನ ಹಳೆಯ ಮಾರುಕಟ್ಟೆ ಚೌಕದಲ್ಲಿ ಗಿಟಾರ್ ಉಳ್ಳವರೆಲ್ಲ ನೆರೆದು, ಜಿಮಿ ಹೆಂಡ್ರಿಕ್ಸ್ ಪ್ರಸಿದ್ಧಗೊಳಿಸಿದ 'ಹೇ ಜೋ' ಹಾಡನ್ನು ಒಟ್ಟಿಗೆ ನುಡಿಸುತ್ತಾರೆ. 2019ರಲ್ಲಿ 7,423 ಮಂದಿ ನುಡಿಸಿದರು. ಆ ಹಾಡಿಗೆ ಬೇಕಾದದ್ದು ಐದೇ ಕಾರ್ಡ್. ಹೊಸಬರಿಗೂ ಬರುತ್ತದೆ, ನುರಿತವರಿಗೂ ಬೇಸರವಿಲ್ಲ. ಅಲ್ಲಿ ನಿಧಾನದ ಕೈಗಳು ಎಷ್ಟಿದ್ದವೋ! ಆದರೂ ಅವರನ್ನು ಯಾರೂ ಹಿಂದಕ್ಕೆ ಕಳಿಸಲಿಲ್ಲ.

ನನ್ನ ಸ್ಟುಡಿಯೋಗೂ ಕಾಲೇಜು ವಿದ್ಯಾರ್ಥಿಗಳು ಗಿಟಾರ್ ಹಿಡಿದು ಬರುತ್ತಾರೆ. ಧ್ವನಿಮುದ್ರಣಕ್ಕೆ ಮೊದಲು ನಾನು ಅವರನ್ನು ಹತ್ತು ನಿಮಿಷ ದೀಪಗಳ ಕೆಳಗೆ ಸುಮ್ಮನೆ ಕೂರಿಸುತ್ತೇನೆ. ವಾದ್ಯ ಅಲ್ಲಿನ ಶಾಖಕ್ಕೆ ಹೊಂದಿಕೊಳ್ಳಲಿ ಎಂದು. ಏಕೆ ಸಾರ್ ಎಂದು ಕೆಲವರು ಕೇಳುತ್ತಾರೆ. ಸಮಯವಿದ್ದರೆ ಈ ಕಥೆ ಹೇಳುತ್ತೇನೆ.

ಈಗ ಮೊಬೈಲಿನಲ್ಲೇ ಶ್ರುತಿ ತೋರಿಸುವ ಸಾಧನಗಳಿವೆ. ಅವನ್ನು ಖಂಡಿತ ಬಳಸಿ. ಆದರೆ ಮುಳ್ಳು ನಡುವೆ ನಿಂತ ಮೇಲೂ ಒಮ್ಮೆ ಕಣ್ಣು ಮುಚ್ಚಿ, ನಿಮ್ಮ ತಂತಿಯನ್ನು ಪಕ್ಕದವನ ತಂತಿಯೊಡನೆ ಮೀಟಿ ಕೇಳಿ. ಅಲೆ ಇದ್ದರೆ ತಾಳ್ಮೆಯಿಂದ ಸೇರಿಸಿಕೊಳ್ಳಿ. ಚೀಲದಲ್ಲಿ ಒಂದು ತಂತಿ ಹೆಚ್ಚಿಗೆ ಇಟ್ಟುಕೊಂಡಿರಿ, ನಿಮಗಲ್ಲದಿದ್ದರೂ ಯಾರಿಗಾದರೂ ಬೇಕಾಗುತ್ತದೆ. ನಿಮ್ಮ ಗುಂಪಿನಲ್ಲಿ ಕೈ ನಿಧಾನದ ಗೆಳೆಯನಿದ್ದರೆ ಅವನನ್ನು ಬಿಡುವ ಮುನ್ನ ಅವನ ಕಿವಿ ಎಂಥದು ಎಂದು ವಿಚಾರಿಸಿ.